ಡೆಕೋರಾ: ಮುಸುಕಿನ ಜೋಳದ ಸೀಮೆಯಲ್ಲಿ ಮೂರು ದಿನ

ಮಗಳ ಮನೆ ಇರುವುದು ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿ. ಹಿಂದಿನ ಸಲ ಹೋಗಿದ್ದಾಗ ನಯಾಗರ, ನ್ಯೂಯಾರ್ಕ್ ಎಲ್ಲ ಮುಗಿಸಿದ್ದೆವು. ಈ ಸಲ ಅಳಿಯಂದಿರಿಗೆ ಮೊದಲೇ ಹೇಳಿಬಿಟ್ಟೆ, "ಎತ್ತರದ ಕಟ್ಟಡ ನೋಡಿ ಕತ್ತು ನೋವು ಬಂತು. ನಮ್ಮ ತಿಪಟೂರಿನ ಥರದ್ದು ಒಂದು ಊರಿದ್ದರೆ ತೋರಿಸಿ." ಮೂವತ್ತು ಚಿಲ್ಲರೆ ವರ್ಷ ಗ್ರಾಮೀಣ ಬ್ಯಾಂಕಿನಲ್ಲಿ ದುಡಿದವನು ನಾನು. ಹೊಸ ಊರಿಗೆ ವರ್ಗವಾದರೆ ಮೊದಲ ದಿನವೇ ಸಂತೆ ಮಾಳ, ಗೊಬ್ಬರದ ಅಂಗಡಿ, ಒಂದು ಹೋಟೆಲು ಇಷ್ಟನ್ನು ನೋಡಿಬರುತ್ತಿದ್ದೆ. ಊರಿನ ಜಾತಕ ಅಷ್ಟರಲ್ಲೇ ಇರುತ್ತದೆ. ಆ ಚಟ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಅಳಿಯ ಹುಡುಕಿದ್ದು ಪಕ್ಕದ ಅಯೋವಾ ರಾಜ್ಯದ ಡೆಕೋರಾ. ಜನಸಂಖ್ಯೆ ಸುಮಾರು ಏಳೂವರೆ ಸಾವಿರ. ನಮ್ಮಲ್ಲಾದರೆ ಹೋಬಳಿ ಕೇಂದ್ರವೂ ಆಗುತ್ತದೋ ಇಲ್ಲವೋ. ಅಲ್ಲಿ ಅದು ವಿನ್ನೆಶೀಕ್ ಕೌಂಟಿಯ ಕೇಂದ್ರ. ಕೋರ್ಟು, ಆಸ್ಪತ್ರೆ, ಕಾಲೇಜು ಎಲ್ಲ ಇದೆ. ಹೊರಟದ್ದು ಐದು ಜನ: ನಾವಿಬ್ಬರು, ಮಗಳು, ಅಳಿಯ, ಆರು ವರ್ಷದ ಮೊಮ್ಮಗ.

ಶುಕ್ರವಾರ

ರಾಚೆಸ್ಟರ್‌ನಿಂದ ದಕ್ಷಿಣಕ್ಕೆ 52ನೇ ಹೆದ್ದಾರಿ ಹಿಡಿದರೆ ಒಂದೂಕಾಲು, ಒಂದೂವರೆ ಗಂಟೆಯ ದಾರಿ. ಅಕ್ಟೋಬರ್ ತಿಂಗಳು. ಎರಡೂ ಕಡೆ ಒಣಗಿ ನಿಂತ ಮುಸುಕಿನ ಜೋಳ, ನಡುನಡುವೆ ಕೊಯ್ದು ಬೋಳಾದ ಸೋಯಾ ಹೊಲ. ಹೊಲದ ನಟ್ಟನಡುವೆ ಅಲ್ಲಲ್ಲಿ ಗುಂಪು ಮರ ಕಾಣುತ್ತದೆ. ನಾನು ಚೌಡಮ್ಮನ ಗುಡಿಯೋ ಏನೋ ಅಂದುಕೊಂಡೆ. ಅಲ್ಲವಂತೆ. ಕೆಳಗಿರುವುದು ಸುಣ್ಣಕಲ್ಲು, ಮಳೆನೀರಿಗೆ ಕರಗಿ ನೆಲ ಕುಸಿದು ಗುಂಡಿ ಬೀಳುತ್ತದೆ, ಅಲ್ಲಿ ಉಳಲಾಗದೆ ಬಿಟ್ಟದ್ದರಿಂದ ಮರ ಬೆಳೆದಿವೆ.

ಹಾರ್ಮನಿ ಎಂಬ ಊರಿನ ಹತ್ತಿರ ರಸ್ತೆಯಂಚಿನಲ್ಲಿ ಕುದುರೆ ಲದ್ದಿ ಕಂಡಿತು. ಸ್ವಲ್ಪ ಮುಂದೆ ಕುದುರೆಯೂ ಸಿಕ್ಕಿತು, ಅದರ ಹಿಂದೆ ಕಪ್ಪು ಗಾಡಿ, ಗಾಡಿಯೊಳಗೆ ಗಡ್ಡದ ಯಜಮಾನ. ಆಮಿಶ್ ಎಂಬ ಕ್ರೈಸ್ತ ಪಂಥದವರು. ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕರೆಂಟು ಎಳೆಸಿಕೊಳ್ಳುವುದಿಲ್ಲ. ಅರಸೀಕೆರೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಜಟಕಾಗಳು ನೆನಪಾದವು. ಮೊಮ್ಮಗ ಕಿಟಕಿಗೆ ಮೂಗೊತ್ತಿ ಇಂಗ್ಲಿಷಿನಲ್ಲಿ ನೂರು ಪ್ರಶ್ನೆ ಕೇಳಿದ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಮ್ಮಿಬ್ಬರ ವ್ಯವಹಾರ ಹೀಗೇ, ಅವನಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ಅಯೋವಾ ಎಂದರೆ ಚಪ್ಪಟೆ ನೆಲ ಎಂದು ಕೇಳಿದ್ದೆ. ಡೆಕೋರಾ ಹತ್ತಿರವಾದಂತೆ ರಸ್ತೆ ಇಳಿಜಾರು, ತಿರುವು, ಸುಣ್ಣಕಲ್ಲಿನ ದಿಣ್ಣೆ ಎಂದು ಆಟವಾಡತೊಡಗಿತು. ಹಿಮಯುಗದ ಕೊನೆಯ ಸುತ್ತಿನಲ್ಲಿ ಸುತ್ತಮುತ್ತಲ ನೆಲವನ್ನೆಲ್ಲ ಹಿಮಗಡ್ಡೆಗಳು ಉಜ್ಜಿ ಸಪಾಟು ಮಾಡಿದರೂ ಈ ತುಂಡನ್ನು ಮಾತ್ರ ಬಿಟ್ಟು ಹೋದವಂತೆ. ಮೇಪಲ್ ಮರಗಳು ಕುಂಕುಮ ಚೆಲ್ಲಿದಂತಿದ್ದವು. ಇವಳು, "ಸುಮ್ಮನೆ ಫೋಟೋ ತೆಗೀತಾ ಕೂರಬೇಡಿ, ಕಣ್ಣಲ್ಲಿ ನೋಡಿ" ಎಂದಳು. ಸರಿ, ನೋಡಿದೆ.

ಊರಿನ ದೊಡ್ಡಬೀದಿಯ ಹೆಸರು ವಾಟರ್ ಸ್ಟ್ರೀಟ್. ಇಟ್ಟಿಗೆಯ ಹಳೇ ಕಟ್ಟಡಗಳು, 1905ರ ಒಂದು ಹೋಟೆಲು, ಪುಸ್ತಕದಂಗಡಿ, ಬ್ಯಾಂಕು. ಅಂಗಡಿಗಳ ಮುಂದೆ ನಾರ್ವೆಯ ಬಾವುಟ. 1849ರಲ್ಲಿ ಬಿಳಿಯರು ಬಂದು ಮನೆ ಕಟ್ಟುವ ಮೊದಲು ಇದು ಹೋ-ಚಂಕ್ ಜನರಿದ್ದ ಸೀಮೆ. ಅವರ ನಾಯಕ ವಾಕಾನ್ ಡೆಕೋರಾನ ಹೆಸರನ್ನೇ ಊರಿಗಿಟ್ಟರು. ಅವನ ಜನರನ್ನು ಸರ್ಕಾರ ಅಷ್ಟರಲ್ಲಾಗಲೇ ಉತ್ತರಕ್ಕೆ ಸಾಗಿಸಿತ್ತು. ಹೆಸರು ಉಳಿಯಿತು, ಜನ ಹೋದರು. ಆಮೇಲೆ ಹಿಂಡುಹಿಂಡಾಗಿ ಬಂದದ್ದು ನಾರ್ವೆಯ ರೈತರು.

ಸಂಜೆ ಏಳಕ್ಕೆ ಬೀದಿಗಿಳಿದರೆ ನರಪಿಳ್ಳೆಯಿಲ್ಲ. ಕೋಣೆ ಕೊಟ್ಟ ಹೆಂಗಸನ್ನು ಕೇಳಿದೆ, ಎಲ್ಲಿ ಹೋದರು ಎಲ್ಲ? "ಶುಕ್ರವಾರ ಅಲ್ಲವೇ, ಹೈಸ್ಕೂಲಿನ ಫುಟ್‌ಬಾಲ್" ಎಂದಳು. ನಾವೂ ಹೋದೆವು. ಮೈದಾನದ ದೀಪ ಹಗಲಿನಂತೆ ಉರಿಯುತ್ತಿತ್ತು, ಕಟ್ಟೆಯ ಮೇಲೆ ಕಂಬಳಿ ಹೊದ್ದ ಅಜ್ಜಿಯರು. ಶಾಲೆಯ ತಂಡದ ಹೆಸರು ವೈಕಿಂಗ್ಸ್. ಚೆಂಡಿಗೆ ಕಾಲು ತಾಗುವುದೇ ಅಪರೂಪವಾದ ಆಟಕ್ಕೆ ಫುಟ್‌ಬಾಲ್ ಎಂದು ಯಾಕೆ ಹೆಸರಿಟ್ಟರೋ. ಆದರೆ ನಾನು ಆಟ ನೋಡಲಿಲ್ಲ, ಜನರನ್ನು ನೋಡಿದೆ. ಪಕ್ಕದಲ್ಲಿ ಕೂತವನಿಗೆ ಅಂಗಳದಲ್ಲಿದ್ದ ಪ್ರತಿ ಹುಡುಗನ ಅಪ್ಪನೂ ಗೊತ್ತು. "ಆ ನಂಬರಿನವನ ತಾತ, ನಾನು ಒಟ್ಟಿಗೆ ಆಡಿದ್ದೆವು" ಎಂದ. ನಮ್ಮೂರ ಜಾತ್ರೆಯ ಕುಸ್ತಿ ಅಖಾಡದ ಸುತ್ತ ಕೇಳುವ ಮಾತೂ ಇದೇ.

ಒಂಬತ್ತೂವರೆಗೆ ಎದ್ದು ಬಂದರೆ ಊಟದ ಜಾಗಗಳ ಅಡುಗೆಮನೆಯೆಲ್ಲ ಬಂದ್. ಸಣ್ಣ ಊರಿಗೆ ಹೋಗುವವರು ಏಳರೊಳಗೆ ಉಂಡು ಮುಗಿಸಬೇಕು, ನಮಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಪೆಟ್ರೋಲ್ ಬಂಕು. ಅಯೋವಾದಲ್ಲಿ ಬಂಕಿನಲ್ಲೇ ಪಿಜ್ಜಾ ಬೇಯಿಸುತ್ತಾರೆ, ಜನ ಅದನ್ನು ಹೆಮ್ಮೆಯಿಂದ ತಿನ್ನುತ್ತಾರೆ. ಮಾಂಸವಿಲ್ಲದ್ದು ಒಂದನ್ನು ಕಟ್ಟಿಸಿಕೊಂಡು ಬಂದು, ಇವಳು ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಚೆನ್ನಾಗಿತ್ತು ಎಂದರೆ ನಂಬಬೇಕು.

ಶನಿವಾರ

ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಡೆಯುತ್ತಿದ್ದಾಗ ಒಂದು ಚರ್ಚಿನ ನೆಲಮಾಳಿಗೆಯ ಬಾಗಿಲಿಂದ ಹಿಟ್ಟು ಸುಟ್ಟ ವಾಸನೆ ಬಂತು. ಇವಳು ಅಲ್ಲೇ ನಿಂತಳು. "ಏನೂಂದ್ರೆ, ಹೋಳಿಗೆ ಬೇಯಿಸ್ತಿದಾರೆ!"

ಹೋಳಿಗೆಯಲ್ಲ, ಲೆಫ್ಸೆ. ಒಳಗೆ ಎಪ್ಪತ್ತು ದಾಟಿದ ಏಳೆಂಟು ಹೆಂಗಸರು, ಒಬ್ಬಿಬ್ಬರು ಗಂಡಸರು. ಚರ್ಚಿನ ಶರತ್ಕಾಲದ ಊಟಕ್ಕೆ ತಯಾರಿ. ಬಾಗಿಲಲ್ಲಿ ನಿಂತ ಸೀರೆಯನ್ನು ಕಂಡು ಒಬ್ಬಾಕೆ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದಳು. ಬೇಯಿಸಿ ನುಣ್ಣಗೆ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ ಹಾಕಿ ಆರಲು ಬಿಟ್ಟಿದ್ದರು. ಲಟ್ಟಿಸುವ ಹೊತ್ತಿಗೆ ಮಾತ್ರ ಮೈದಾ ಸೇರಿಸುತ್ತಾರೆ, ಮೊದಲೇ ಸೇರಿಸಿಟ್ಟರೆ ನೀರು ಬಿಡುತ್ತದೆ. ಮಣೆಗೆ ಬಟ್ಟೆ ಬಿಗಿದಿದ್ದರು, ಲಟ್ಟಣಿಗೆಗೂ ಕಾಲುಚೀಲದಂಥ ಬಟ್ಟೆಯ ತೊಡುಗೆ. ಲಟ್ಟಣಿಗೆಯ ಮೈತುಂಬ ಗೀರು. ಮೊರದಗಲ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕತ್ತಿಯಂಥ ಉದ್ದನೆಯ ಚಪ್ಪಟೆ ಕೋಲನ್ನು ಅಡಿಗೆ ತೂರಿಸಿ ಎತ್ತಿ ಕರೆಂಟಿನ ಹೆಂಚಿನ ಮೇಲೆ ಸುರುಳಿ ಬಿಚ್ಚುತ್ತಾರೆ. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದರೆ ಬೆಂದ ಲೆಕ್ಕ.

ಇವಳಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ ಲಟ್ಟಣಿಗೆ ಇಸಿದುಕೊಂಡಳು. ಲಟ್ಟಿಸಿದ್ದೇನೋ ಚಂದ್ರನ ಹಾಗೆ ಗುಂಡಗಿತ್ತು. ಆದರೆ ಹೋಳಿಗೆಯ ಅಭ್ಯಾಸದಲ್ಲಿ ಕೈಯಲ್ಲೇ ಎತ್ತಿದಳು. ಅರ್ಧ ಕೈಗೆ ಬಂತು, ಅರ್ಧ ನೆಲಕ್ಕೆ ಬಿತ್ತು. ಎಲ್ಲ ಅಜ್ಜಿಯರೂ ಒಂದೇ ದನಿಯಲ್ಲಿ "ಉಫ್ ಡಾ!" ಎಂದರು. ಇವಳೂ ಅದೇ ಕ್ಷಣಕ್ಕೆ "ಉಸ್ಸಪ್ಪಾ!" ಎಂದಿದ್ದಳು. ಮಗಳು ಎರಡನ್ನೂ ಆ ಕಡೆಗೂ ಈ ಕಡೆಗೂ ಬಿಡಿಸಿ ಹೇಳಿದ ಮೇಲೆ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಎರಡನೆಯದನ್ನು ಕೋಲಿನಲ್ಲೇ ಎತ್ತಿದಳು, ಸರಿಹೋಯಿತು. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ ಸುತ್ತಿ ಕೊಟ್ಟರು. ಹೂರಣವಿಲ್ಲದ ಹೋಳಿಗೆ. ಏಲಕ್ಕಿ ಬೇಕಿತ್ತು ಅನ್ನಿಸಿತು, ಹೇಳಲಿಲ್ಲ. ಒಂದು ಕಟ್ಟು ಕೊಂಡುಕೊಂಡೆವು. ಕಾರ್ಡು ನಡೆಯುವುದಿಲ್ಲ, ಬಿಡಿ ನೋಟು ಜೇಬಿನಲ್ಲಿದ್ದದ್ದು ಪುಣ್ಯ.

ನಮಗೆ ಕಾಫಿ ಕೊಟ್ಟಾಕೆ ಎಂಬತ್ತನಾಲ್ಕರ ಅಜ್ಜಿ. ಕುಡಿಯುವ ಮುನ್ನ ನಾರ್ವೇಜಿಯನ್ ಭಾಷೆಯಲ್ಲಿ ಊಟದ ಪ್ರಾರ್ಥನೆ ಹೇಳಿಕೊಂಡಳು. ನಿಮಗೆ ಭಾಷೆ ಬರುತ್ತದಾ ಎಂದೆ. "ಇದೊಂದು ಪ್ರಾರ್ಥನೆ, ಉಫ್ ಡಾ, ಇನ್ನೆರಡು ಬೈಗುಳ. ಅಷ್ಟೇ ನನ್ನ ಆಸ್ತಿ" ಎಂದು ನಕ್ಕಳು. ಅವಳ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಅಮ್ಮನಿಗೆ ಎರಡೂ ಬರುತ್ತಿತ್ತಂತೆ. ತನಗೆ ಅಜ್ಜಿ ಹೇಳಿದ್ದು ತಿಳಿಯುತ್ತಿತ್ತು, ತಿರುಗಿ ಹೇಳಲು ಬರುತ್ತಿರಲಿಲ್ಲವಂತೆ. ನಾನು ಮೊಮ್ಮಗನ ಕಡೆ ನೋಡಿದೆ. ಅವನು ಲೆಫ್ಸೆ ಕೋಲು ಹಿಡಿದು ಕತ್ತಿವರಸೆ ಮಾಡುತ್ತಿದ್ದ.

ಈ ಊರಿನಿಂದ ನಾರ್ವೇಜಿಯನ್ ಭಾಷೆಯ ಪತ್ರಿಕೆಯೇ ಬರುತ್ತಿತ್ತು, ಡೆಕೋರಾ ಪೋಸ್ಟೆನ್. 1874ರಲ್ಲಿ ಶುರುವಾದದ್ದು 1972ರವರೆಗೆ ನಡೆಯಿತು. ಎರಡು ವರ್ಷ ಎಳೆದಿದ್ದರೆ ನೂರಾಗುತ್ತಿತ್ತು. ಓದುವವರು ಒಬ್ಬೊಬ್ಬರಾಗಿ ತೀರಿಕೊಂಡರೆ ಪತ್ರಿಕೆ ಏನು ಮಾಡೀತು.

ಮಧ್ಯಾಹ್ನ ವಾಟರ್ ಸ್ಟ್ರೀಟಿನ ವೆಸ್ಟರ್‌ಹೈಮ್ ಮ್ಯೂಸಿಯಂ. ಹೆಸರಿನ ಅರ್ಥ ಪಡುವಣ ಮನೆ. 1877ರಲ್ಲಿ ಇಲ್ಲಿನ ಲೂಥರ್ ಕಾಲೇಜಿನಲ್ಲಿ ಒಂದೊಂದೇ ವಸ್ತು ಕೂಡಿಡಲು ಆರಂಭಿಸಿ ಬೆಳೆದದ್ದು. ಇಬ್ಬರು ಸೋದರರು 1933ರಲ್ಲಿ ಅಟ್ಲಾಂಟಿಕ್ ದಾಟಿಸಿಕೊಂಡು ಬಂದ ಪುಟ್ಟ ಹಾಯಿದೋಣಿ ಅಲ್ಲಿದೆ, ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ನಮ್ಮ ಮನೆಯವರು ನಿಂತದ್ದು ಪೆಟ್ಟಿಗೆಗಳ ಮುಂದೆ. ಇಬ್ಬರು ಹೊರಬೇಕಾದಷ್ಟು ದೊಡ್ಡ ಮರದ ಪೆಟ್ಟಿಗೆಗಳು, ಕಬ್ಬಿಣದ ಪಟ್ಟಿ, ಅಂಗೈಯಗಲದ ಬೀಗದ ಕೈ. ಮೈಮೇಲೆ ಕೆಂಪು, ನೀಲಿ ಬಣ್ಣದಲ್ಲಿ ಬಳ್ಳಿ ಸುರುಳಿ, ನಡುವೆ ಒಡೆಯನ ಹೆಸರು, ಇಸವಿ. ಹಡಗಿನಲ್ಲಿ ವಾರಗಟ್ಟಲೆಯ ದಾರಿಗೆ ಒಣರೊಟ್ಟಿ, ಉಣ್ಣೆ ಬಟ್ಟೆ, ಬೈಬಲ್, ಉಳಿ ಸುತ್ತಿಗೆ ಎಲ್ಲ ಅದರಲ್ಲೇ. ಒಂದು ಪೆಟ್ಟಿಗೆಯ ಅಂಚು ಕೈ ತಾಗಿ ತಾಗಿ ಸವೆದು ಬಣ್ಣ ಹೋಗಿ ಮರ ಕಾಣುತ್ತಿತ್ತು. ಮಗಳು ಬಗ್ಗಿ ಅದನ್ನೇ ನೋಡುತ್ತಿದ್ದಳು. "ನಂಗೂ ನೀವು ಸೂಟ್‌ಕೇಸ್ ಮೇಲೆ ಹೆಸರು ಬರೆದು ಕೊಟ್ಟಿದ್ರಿ ಅಲ್ವಾಪ್ಪಾ, ಪೇಂಟಲ್ಲಿ" ಎಂದಳು. ಹೌದು, ಬಿಳಿ ಪೇಂಟಿನಲ್ಲಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಒಳಗೆ ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಪ್ರೆಷರ್ ಕುಕ್ಕರ್. ಇಪ್ಪತ್ತಮೂರು ಕೇಜಿಗೆ ಅರ್ಧ ಕೇಜಿ ಹೆಚ್ಚಾಗಿ ದೇವನಹಳ್ಳಿಯಲ್ಲಿ ಹುಣಸೆಹಣ್ಣು ವಾಪಸು ತೆಗೆದಿದ್ದೆವು.

ಊಟಕ್ಕೆ ಪರದಾಡಬೇಕಾಗಲಿಲ್ಲ. ಅದೇ ಬೀದಿಯಲ್ಲಿ ಊರಿನವರೇ ಷೇರು ಹಾಕಿ ನಡೆಸುವ ಒನಿಯೋಟಾ ಎಂಬ ಸಹಕಾರಿ ಅಂಗಡಿಯಿದೆ, ಅಲ್ಲಿ ಸಸ್ಯಾಹಾರದ ಬಿಸಿ ಅಡುಗೆಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಸಹಕಾರಿ ಎಂದಕೂಡಲೇ ನನ್ನ ಬ್ಯಾಂಕಿನ ಬುದ್ಧಿ ಎಚ್ಚೆತ್ತು ಷೇರುದಾರರೆಷ್ಟು, ಡಿವಿಡೆಂಡ್ ಕೊಡುತ್ತೀರಾ ಎಂದು ವಿಚಾರಿಸಹೊರಟೆ. ಮಗಳು ತೋಳು ಹಿಡಿದು ಎಳೆದಳು.

ಊರ ಉತ್ತರಕ್ಕೆ ಕೆಲವು ಮೈಲಿ ದೂರದಲ್ಲಿ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಇದೆ. 890 ಎಕರೆಯ ತೋಟ, ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ನಾಟಿ ತಳಿಗಳ ಬೀಜ. ಇದು ಶುರುವಾದದ್ದು 1975ರಲ್ಲಿ. ಡಯೇನ್ ಆಟ್ ವೀಲಿ ಎಂಬಾಕೆಗೆ ಅವಳ ತಾತ ಎರಡು ಬೀಜ ಕೊಟ್ಟಿದ್ದ, ಒಂದು ಟೊಮ್ಯಾಟೊ, ಇನ್ನೊಂದು ನೇರಳೆ ಹೂವಿನ ಮಾರ್ನಿಂಗ್ ಗ್ಲೋರಿ ಬಳ್ಳಿ. ಅವನ ಹೆತ್ತವರು ಜರ್ಮನಿಯ ಬವೇರಿಯಾದಿಂದ ತಂದದ್ದು. ತಾತ ಹೋದ ಮೇಲೆ ಇದನ್ನು ಉಳಿಸುವವರು ತಾನೊಬ್ಬಳೇ ಎಂದು ಹೊಳೆದು, ಗಂಡ ಹೆಂಡತಿ ಸೇರಿ ಬೇರೆಬೇರೆ ಮನೆಗಳ ಬೀಜ ಕೂಡಿಸತೊಡಗಿದರು. ನಮ್ಮಲ್ಲೂ ಅಜ್ಜಿಯರು ಬೂದಿಯಲ್ಲಿ ಹೊರಳಿಸಿ ಅವರೆ, ಹೀರೆ ಬೀಜ ಎತ್ತಿಡುತ್ತಿದ್ದರು, ಅದಕ್ಕೆ ಸಂಸ್ಥೆಯಿರಲಿಲ್ಲ, ಅಷ್ಟೇ. ಇವಳು ಆ ಬಳ್ಳಿಯ ಒಂದು ಪೊಟ್ಟಣ ಕೊಂಡು ಸೆರಗಿಗೆ ಗಂಟು ಹಾಕಿದಳು. ಬೀಜವನ್ನು ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಒಯ್ಯುವಂತಿಲ್ಲ ಎಂದೆ. ಮುಖ ಊದಿಸಿಕೊಂಡಳು.

ಪಂಚಾಯಿತಿ ಶುರುವಾದದ್ದು ವಾಪಸು ಬರುವಾಗ. ಫೋನಿನ ನಕ್ಷೆ ಜಲ್ಲಿ ರಸ್ತೆಯ ಒಳದಾರಿ ತೋರಿಸಿತು. ಎರಡು ಮೈಲಿ ಹೋಗುವಷ್ಟರಲ್ಲಿ ಟೈರು ಉಸ್ಸೆಂದಿತು, ಫೋನಿನ ಸಿಗ್ನಲ್ಲೂ ಹೋಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಗಾಳಿ ಹಾಕುವ ಒಂದು ಪುಟ್ಟ ಪಂಪು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಎಲ್ಲಿದ್ದೇವೆಂದಾದರೂ ತಿಳಿಯುತ್ತಿತ್ತು. ಸುತ್ತ ಜೋಳ, ಜೋಳ, ಜೋಳ. ಗಾಳಿಗೆ ಒಣ ಗರಿ ಸರಪರ ಎನ್ನುವ ಸದ್ದು ಬಿಟ್ಟರೆ ಏನಿಲ್ಲ. ನಮ್ಮ ಕಡೆ ಹೊಲದಲ್ಲಿ ಗಾಡಿ ಕೆಟ್ಟರೆ ಐದು ನಿಮಿಷಕ್ಕೆ ಹತ್ತು ಜನ, ಇಪ್ಪತ್ತು ಸಲಹೆ. ಇಲ್ಲಿ ಅರ್ಧ ಗಂಟೆ ಒಂದು ನಾಯಿಯೂ ಬರಲಿಲ್ಲ.

ಆಮೇಲೆ ಬಂದದ್ದು ಒಂದು ಪಿಕಪ್. ಓಡಿಸುತ್ತಿದ್ದ ಮುದುಕ ಸ್ಟೀರಿಂಗಿನಿಂದ ತೋರುಬೆರಳೊಂದನ್ನು ಮೇಲೆತ್ತಿ ನಿಂತ. ಇಲ್ಲಿನ ನಮಸ್ಕಾರವೇ ಅದು, ಎದುರು ಬಂದವರೆಲ್ಲ ಹಾಗೆ ಬೆರಳೆತ್ತುತ್ತಾರೆ, ಗುರುತಿರಲಿ ಇಲ್ಲದಿರಲಿ. ಹೆಚ್ಚು ಮಾತಿಲ್ಲದೆ ಮೊಳೆ ಕಿತ್ತು, ರಬ್ಬರಿನ ಬತ್ತಿ ತೂರಿಸಿ, ಅವನದೇ ಪಂಪಿನಿಂದ ಗಾಳಿ ಹೊಡೆದ. ಅಷ್ಟರಲ್ಲಿ ಇವಳು ಪಿಸುಗುಟ್ಟಿದಳು, "ಸುಟ್ಟು ತಿನ್ನೋಕೆ ಎರಡು ಜೋಳ ಕೊಡ್ತಾರಾ ಕೇಳಿ." ಕೇಳಿದೆ. ಮುದುಕ ಮೊದಲ ಸಲ ನಕ್ಕ. ಒಂದು ತೆನೆ ಮುರಿದು ಸುಲಿದು ಕೈಗಿತ್ತ. ಕಾಳು ಕಲ್ಲಿನಂತಿತ್ತು. "ಇದು ನಿಮಗಲ್ಲ, ಹಂದಿಗೆ. ಉಳಿದದ್ದು ನಿಮ್ಮ ಕಾರಿಗೆ" ಎಂದ. ಹೌದು, ಅಲ್ಲಿನ ಜೋಳದಲ್ಲಿ ಬಹುಪಾಲು ಪಶುಗಳ ಮೇವಿಗೆ, ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ. ದೇಶದಲ್ಲೇ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯದಲ್ಲಿ ಸುಟ್ಟು ತಿನ್ನಲು ಒಂದು ತೆನೆ ಸಿಗಲಿಲ್ಲ.

ನಾನು ಬ್ಯಾಂಕಿನವನೆಂದು ತಿಳಿದದ್ದೇ ಅವನ ಬಾಯಿ ಬಿಚ್ಚಿತು. ಹೊಸ ಕಟಾವು ಯಂತ್ರದ ಬೆಲೆ ಅವನ ಮನೆಗಿಂತ ಹೆಚ್ಚಂತೆ, ಐದು ಲಕ್ಷ ಡಾಲರಿನ ಮೇಲೆ. ಬೀಜ, ಗೊಬ್ಬರಕ್ಕೆ ಪ್ರತಿ ವರ್ಷ ಸಾಲ, ಸುಗ್ಗಿಯಲ್ಲಿ ತೀರಿಸುವುದು, ಮತ್ತೆ ಸಾಲ. ಇಬ್ಬರು ಮಕ್ಕಳೂ ನಗರದಲ್ಲಿದ್ದಾರೆ. ಮುಂದೆ ಹೊಲ ಯಾರು ನೋಡಿಕೊಳ್ಳುತ್ತಾರೆ ಎಂದೆ. ಪಕ್ಕದ ಹೊಲದವನು ಆಗಲೇ ಎರಡು ಸಲ ಬಂದು ಕೇಳಿದ್ದಾನೆ ಎಂದ, ಜೋಳದ ಕಡೆ ನೋಡುತ್ತಾ. ತಿಪಟೂರಿನ ಕೌಂಟರಿನ ಆಚೆ ಕೂತ ತೆಂಗಿನ ರೈತರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಇವಳು ಡಬ್ಬಿಯಲ್ಲಿದ್ದ ಕೊಬ್ಬರಿ ಮಿಠಾಯಿ ಕೊಟ್ಟಳು, ಅದನ್ನು ಮಾತ್ರ ಎರಡು ತೆಗೆದುಕೊಂಡ.

ಭಾನುವಾರ

ಬೆಳಗ್ಗೆ ಡನ್ನಿಂಗ್ಸ್ ಸ್ಪ್ರಿಂಗ್ ಎಂಬ ಜಲಪಾತ. ಬಂಡೆಯೊಳಗಿನ ಬುಗ್ಗೆಯಿಂದ ಹೊರಟು ಮೆಟ್ಟಿಲುಮೆಟ್ಟಿಲಾಗಿ ಸುಮಾರು ಇನ್ನೂರು ಅಡಿ ಇಳಿಯುತ್ತದೆ. ಜೋಗ ಕಂಡವರಿಗೆ ಚಿಕ್ಕದು, ಆದರೆ ಊರಿನ ಹಿತ್ತಲಲ್ಲೇ ಇದೆ. ಹತ್ತಿರದಲ್ಲೇ ಐಸ್ ಗುಹೆ. ಚಳಿಗಾಲದ ತಂಪನ್ನು ಬಂಡೆ ಹಿಡಿದಿಟ್ಟುಕೊಂಡು, ವಸಂತದಲ್ಲಿ ಒಳಗೆ ಜಿನುಗುವ ನೀರನ್ನು ಹೆಪ್ಪುಗಟ್ಟಿಸುತ್ತದಂತೆ, ಹೊರಗೆ ಬೇಸಿಗೆಯಿದ್ದಾಗ ಒಳಗೆ ಮಂಜು. ಅಕ್ಟೋಬರ್ ಹೊತ್ತಿಗೆ ಕರಗಿಹೋಗಿರುತ್ತದೆ. ನಾವು ಕಂಡದ್ದು ಕತ್ತಲೆ. ನೋಡಬೇಕೆನ್ನುವವರು ಜೂನ್ ಒಳಗೆ ಬರಬೇಕು.

ಅಲ್ಲಿಂದ ನೈರುತ್ಯಕ್ಕೆ ಹತ್ತು ಹನ್ನೆರಡು ಮೈಲಿ ಹೋದರೆ ಸ್ಪಿಲ್‌ವಿಲ್. ನಾಲ್ಕುನೂರು ಜನರಿಲ್ಲದ ಊರು. ಇವರು ಚೆಕ್ ಮೂಲದವರು, 1860ರ ಚರ್ಚು ಈಗಲೂ ನಿಂತಿದೆ. ಚೆಕ್ ಸಂಗೀತಗಾರ ಆಂಟೊನಿನ್ ದ್ವೋರ್ಝಾಕ್ ನ್ಯೂಯಾರ್ಕಿನ ಗಲಾಟೆ ಸಾಕಾಗಿ 1893ರ ಬೇಸಿಗೆ ಕಳೆಯಲು ಹೆಂಡತಿ ಮಕ್ಕಳೊಂದಿಗೆ ಇಲ್ಲಿಗೆ ಬಂದ. ತಮ್ಮ ಮಾತು ಆಡುವವರ ನಡುವೆ ಇರಬೇಕೆನ್ನಿಸಿತ್ತು, ಅಷ್ಟೇ. ಚರ್ಚಿನಲ್ಲಿ ಆರ್ಗನ್ ನುಡಿಸಿದ, ಹೊಳೆಯ ದಂಡೆಯಲ್ಲಿ ಅಡ್ಡಾಡಿದ, ನಾಲ್ಕು ತಂತಿವಾದ್ಯಗಳಿಗಾಗಿ ಒಂದು ರಚನೆಯನ್ನು ಸುಮಾರು ಎರಡು ವಾರದಲ್ಲಿ ಬರೆದ.

ಅವನಿದ್ದ ಮನೆಯೇ ಈಗ ಬೀಲಿ ಗಡಿಯಾರಗಳ ಮ್ಯೂಸಿಯಂ. ಫ್ರಾಂಕ್, ಜೋಸೆಫ್ ಎಂಬ ಅಣ್ಣತಮ್ಮ, ಮದುವೆಯಾಗದ ರೈತರು. 1913ರಿಂದ 1958ರವರೆಗೆ ಪ್ರತಿ ಚಳಿಗಾಲ, ಹೊಲದಲ್ಲಿ ಕೆಲಸವಿಲ್ಲದಾಗ, ಕೂತು ಮರದ ಗಡಿಯಾರ ಕೆತ್ತಿದರು. ಆಳೆತ್ತರದ ಗಡಿಯಾರಗಳು. ಗಂಟೆ ಹೊಡೆದಾಗ ಪುಟ್ಟ ಬಾಗಿಲು ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಮೆರವಣಿಗೆ ಬರುತ್ತಾರೆ. ಬಳ್ಳಿಯ ಎಲೆಯ ನರವನ್ನೂ ಬಿಡದೆ ಕೆತ್ತಿದ್ದಾರೆ, ಬೇಲೂರಿನವರಿಗೂ ತಲೆದೂಗಬೇಕೆನ್ನಿಸೀತು. ಹೆನ್ರಿ ಫೋರ್ಡ್ ಒಂದು ಗಡಿಯಾರಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದರೂ ಮಾರಲಿಲ್ಲವೆಂದು ತೋರಿಸುವಾಕೆ ಹೇಳಿದಳು. ಅಳಿಯ, "ಮಾವ, ನೀವಾಗಿದ್ದರೆ?" ಎಂದರು. ಎಫ್‌ಡಿ ಇಟ್ಟುಬಿಡುತ್ತಿದ್ದೆ ಎಂದೆ. ಈ ಮ್ಯೂಸಿಯಂ ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ, ಅಕ್ಟೋಬರ್ ದಾಟಿಸಬಾರದು.

ಮನೆಗೆ ತಿರುಗುವ ಮುನ್ನ ನನ್ನದೊಂದು ಹಟವಿತ್ತು. ಅಲ್ಲಿಂದ ಸ್ವಲ್ಪ ಪಡುವಣಕ್ಕೆ, ಕ್ರೆಸ್ಕೋ ಸೀಮೆಯಲ್ಲಿ, ಗೋಧಿಯ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಬೆಳೆದ ಹೊಲದ ಮನೆಯಿದೆ. ಅವರು ಹುಟ್ಟಿದ್ದು 1914ರಲ್ಲಿ, ಅವರದೂ ನಾರ್ವೆಯಿಂದ ಬಂದ ಮನೆತನ. 1966ರಲ್ಲಿ ಭಾರತ ಮೆಕ್ಸಿಕೋದಿಂದ ಹದಿನೆಂಟು ಸಾವಿರ ಟನ್ ಗಿಡ್ಡ ಗೋಧಿಯ ಬೀಜ ತರಿಸಿದ್ದು ಅವರ ತಳಿಯದು. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ, ಮಧ್ಯಾಹ್ನ ಅಮೆರಿಕದ ಗೋಧಿಯ ಉಪ್ಪಿಟ್ಟು ಕೊಡುತ್ತಿದ್ದರು. 1970ರ ನೊಬೆಲ್ ಶಾಂತಿ ಪ್ರಶಸ್ತಿ, 2006ರ ಪದ್ಮವಿಭೂಷಣ ಬಂದ ಮನುಷ್ಯನ ಮನೆಯೆಂದರೆ ಒಂದು ಬಿಳಿ ಮರದ ಮನೆ, ಕಣಜ, ಹತ್ತಿರ ಒಂದು ಕೋಣೆಯ ಶಾಲೆ. ಮೊದಲೇ ಹೇಳಿದವರಿಗೆ ಬಾಗಿಲು ತೆಗೆಯುತ್ತಾರಂತೆ. ನಾವು ಹೇಳಿರಲಿಲ್ಲ. ರಸ್ತೆಯಲ್ಲೇ ನಿಂತು ನೋಡಿದೆವು. ಗಾಳಿ ಚುಚ್ಚುತ್ತಿತ್ತು. ಮಗಳು ಕಾರಿನಿಂದ "ಅಪ್ಪಾ, ಸಾಕು ಬನ್ನಿ" ಎಂದು ಮೂರು ಸಲ ಕೂಗಿದಳು.

ಹಾರ್ಮನಿ ದಾಟುವಾಗ ಕತ್ತಲಾಗಿತ್ತು. ಜಿಂಕೆಯೊಂದು ದೀಪದ ಬೆಳಕಿಗೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು, ಅಳಿಯ ಬ್ರೇಕು ಹಾಕಿದ ರಭಸಕ್ಕೆ ಲೆಫ್ಸೆಯ ಕಟ್ಟು ಮುಂದಿನ ಸೀಟಿಗೆ ಹಾರಿ ಬಂತು. ಅಕ್ಟೋಬರ್, ನವೆಂಬರಿನಲ್ಲಿ ಮುಸ್ಸಂಜೆ ಆದ ಮೇಲೆ ನಿಧಾನವಾಗಿ ಹೋಗಬೇಕು.

ಮನೆಗೆ ಬಂದು ಇವಳು ಸೆರಗಿನ ಗಂಟು ಬಿಚ್ಚಿ ಬೀಜದ ಪೊಟ್ಟಣವನ್ನು ಮಗಳಿಗೆ ಕೊಟ್ಟಳು. ರಾಚೆಸ್ಟರ್‌ನಲ್ಲಿ ಮೇ ತಿಂಗಳವರೆಗೆ ಬಿತ್ತುವಂತಿಲ್ಲ. ಮಗಳು ಅದನ್ನು ಮೆಂತ್ಯದ ಡಬ್ಬಿಯ ಪಕ್ಕ ಎತ್ತಿಡುವ ಮುನ್ನ, ಮರೆಯದಿರಲಿ ಎಂದು ಮೇಲೆ ಕನ್ನಡದಲ್ಲಿ "ತಾತನ ಹೂವು" ಎಂದು ಬರೆದಳು. ಮೊಮ್ಮಗ ಕುರ್ಚಿ ಹತ್ತಿ, ಅಕ್ಷರದ ಮೇಲೆ ಬೆರಳಿಟ್ಟು ಓದಿದ, "ತಾ... ತ... ನ..." ನಾಲ್ಕನೆಯ ಅಕ್ಷರಕ್ಕೆ ನಿಂತ. 'ಹೂ'ಗೆ ಯಾವ ಗೆರೆ ಎಲ್ಲಿಂದ ಶುರುವೆಂದು ತಿಳಿಯದೆ ನನ್ನ ಮುಖ ನೋಡಿದ.